ಉದ್ದದ್ದೊಂದು, ಗಿಡ್ಡದ್ದೊಂದು

ದೆಹಲಿಯಲ್ಲಿ ನನಗೆ ಯಾರೂ ಟೋಪಿ ಹಾಕಲಾರರು ಎಂಬ ಜಂಬ ನನಗಿತ್ತು. ಅದು ಸುಮ್ಮನೆ ಬಂದದ್ದಲ್ಲ. ಹೊಸದಾಗಿ ಬಂದಾಗ ತರಕಾರಿ ಭಯ್ಯಾ ಮೇಲೆ ಚೆಂದದ ಟೊಮೆಟೊ ಇಟ್ಟು ತಳದಲ್ಲಿ ಕೊಳೆತದ್ದನ್ನು ತುಂಬಿ ಕೊಡುತ್ತಿದ್ದ. ಆಟೋದವನು ನೇರ ದಾರಿ ಬಿಟ್ಟು ಯಮುನೆಯ ಇನ್ನೊಂದು ಸೇತುವೆಯನ್ನೂ ತೋರಿಸಿಕೊಂಡು ಬರುತ್ತಿದ್ದ. ನನ್ನ ಹಿಂದಿ ಕೇಳಿದ ಕೂಡಲೇ ‘ಮದ್ರಾಸಿ ಮೇಡಂ’ ಎಂದು ಮುಗುಳ್ನಗುತ್ತಿದ್ದರು. ನಾನು ಹಲ್ಲು ಕಚ್ಚಿ ಹಿಂದಿ ಕಲಿತೆ, ಹಿಂದಿಯಲ್ಲಿ ಜಗಳವಾಡಲು ಕಲಿತೆ, ಚೀಲ ತಲೆಕೆಳಗು ಮಾಡಿ ತಳದ ಟೊಮೆಟೊ ನೋಡಲು ಕಲಿತೆ. ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ, ಮಯೂರ್ ವಿಹಾರದ ನಮ್ಮ ಸೊಸೈಟಿಯಲ್ಲಿ ಯಾರಾದರೂ ಫ್ರಿಜ್ ಕೊಳ್ಳಲು ಹೊರಟರೆ ನನ್ನನ್ನೂ ಜೊತೆಗೆ ಕರೆದೊಯ್ಯುತ್ತಿದ್ದರು.

ನೌಕರಿಯೂ ನನ್ನ ಸ್ವಭಾವಕ್ಕೆ ತಕ್ಕದ್ದೇ ಆಗಿತ್ತು. ಕೇಂದ್ರ ಸರ್ಕಾರದ ಒಂದು ಇಲಾಖೆಯ ಉಗ್ರಾಣ ವಿಭಾಗ. ಹೊರಗಿನಿಂದ ಬಂದ ಸಾಮಾನು ಮಾದರಿಗೆ ಸರಿಯಾಗಿದೆಯೇ ಎಂದು ಅಳೆದು ನೋಡಿ, ಸರಿಯಿದ್ದರೆ ಹಸಿರು ಮೊಹರು, ಇಲ್ಲದಿದ್ದರೆ ಕೆಂಪು ಮೊಹರು ಒತ್ತುವುದು ನನ್ನ ಕೆಲಸ. ಕುರ್ಚಿ, ಪರದೆ, ಬೀಗ, ಬಕೆಟ್, ಎಲ್ಲವೂ ನನ್ನ ಸ್ಟೀಲ್ ಸ್ಕೇಲಿನ ಕೆಳಗೆ ಹಾದುಹೋಗಬೇಕು. ಒಂದು ವರ್ಷ ಜವಾನರಿಗೆಂದು ಚಳಿಗಾಲದ ಬೂಟು ಬಂದಾಗ ಎಡದ್ದಕ್ಕಿಂತ ಬಲದ್ದು ಅರ್ಧ ಬೆರಳು ಉದ್ದವಿದೆ ಎಂದು ಇಡೀ ಲಾಟನ್ನೇ ವಾಪಸು ಕಳಿಸಿದ್ದೆ. ಆ ಬೂಟಿನ ಕಥೆ ಇಲಾಖೆಯಲ್ಲೆಲ್ಲ ಹಬ್ಬಿತ್ತು. ಕ್ಯಾಂಟೀನಿನಲ್ಲಿ ಸಮೋಸಾ ತಟ್ಟೆ ಬಂದರೆ ‘ಮೇಡಂ, ಎರಡೂ ಒಂದೇ ಅಳತೆ ಇವೆಯಾ ನೋಡಿ’ ಎಂದು ರೇಗಿಸುತ್ತಿದ್ದರು. ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷಗಳಾಗಿದ್ದವು. ಮೆಟ್ರೋ ಇನ್ನೂ ನಮ್ಮ ಕಡೆಗೆ ಬಂದಿರಲಿಲ್ಲ. ಚಾರ್ಟರ್ಡ್ ಬಸ್ಸಿನಲ್ಲಿ ಸ್ವೆಟರ್ ಹೆಣೆಯುತ್ತ ಆಫೀಸಿಗೆ ಹೋಗುವ ಕಾಲ. ಇಲಾಖೆಯ ವಾರ್ಷಿಕೋತ್ಸವವನ್ನು ಆ ಚಳಿಗಾಲ ದೊಡ್ಡದಾಗಿ ಮಾಡಬೇಕೆಂದು ನಿರ್ದೇಶಕರಿಗೆ ಅನ್ನಿಸಿತು. ಕಚೇರಿಯ ಹಿತ್ತಲಿನ ಬೇವಿನ ಮರದ ಕೆಳಗೆ ಒಂದು ಹಳೆಯ ಲಾರಿ ನಿಂತಿತ್ತು. ಐವತ್ತರ ದಶಕದಲ್ಲಿ ಅಮೆರಿಕದಿಂದ ಬಂದದ್ದು, ದುಂಡು ಮೂತಿ, ಉಬ್ಬಿದ ಮಡ್‌ಗಾರ್ಡು. ಇಲಾಖೆ ಹುಟ್ಟಿದ ಹೊಸತರಲ್ಲಿ ಉಪಕರಣಗಳನ್ನೆಲ್ಲ ಹೊತ್ತು ಊರೂರು ತಿರುಗಿದ ಲಾರಿಯಂತೆ. ಅದನ್ನು ಮೊದಲಿದ್ದಂತೆ ಮಾಡಿ, ಉತ್ಸವದ ದಿನ ಗೇಟಿನಿಂದ ವೇದಿಕೆಯವರೆಗೆ ಓಡಿಸಬೇಕೆಂದು ಆಜ್ಞೆಯಾಯಿತು. ಬಿಡಿಭಾಗ ಹುಡುಕುವ ಜವಾಬ್ದಾರಿ ನನ್ನ ಕೊರಳಿಗೆ ಬಿತ್ತು.

ಓಡಿಸುವುದು ಯಾರು ಎಂಬ ಪ್ರಶ್ನೆ ಬಂದಾಗ ನಾನೇ ಒಂದು ಸಲಹೆ ಕೊಟ್ಟೆ. ನಮ್ಮ ಮನೆಯಿಂದ ಎರಡು ಪಾಕೆಟ್, ಅಂದರೆ ಎರಡು ವಸತಿ ಬ್ಲಾಕು ಆಚೆ, ದೆಹಲಿ ಪ್ರಾಧಿಕಾರ ಕಟ್ಟಿಸಿದ ಡಿಡಿಎ ಫ್ಲ್ಯಾಟಿನಲ್ಲಿ, ನಮ್ಮ ಇಲಾಖೆಯ ನಿವೃತ್ತ ಚಾಲಕರೊಬ್ಬರಿದ್ದರು. ತುಮಕೂರಿನ ಕಡೆಯವರು. ಮೀಸೆ ಮೂಡುವ ವಯಸ್ಸಿನಲ್ಲಿ ದೆಹಲಿಗೆ ಬಂದು, ಇದೇ ಲಾರಿಯ ಮೇಲೆ ನೌಕರಿ ಶುರು ಮಾಡಿದವರು. ಈ ಊರಿನ ರೂಢಿಯಂತೆ ನಾವು ಕನ್ನಡದವರೂ ಅವರನ್ನು ‘ಡ್ರೈವರ್ ಸಾಬ್’ ಎಂದೇ ಕರೆಯುತ್ತಿದ್ದೆವು. ಇಡೀ ನೌಕರಿಯಲ್ಲಿ ಒಂದು ಗೀರೂ ಮಾಡದವರು ಎಂದು ಇಲಾಖೆ ಕೊಟ್ಟ ಪ್ರಮಾಣಪತ್ರ ಅವರ ಮನೆಯ ಗೋಡೆಯ ಮೇಲೆ, ದೇವರ ಪಟದ ಪಕ್ಕದಲ್ಲೇ ತೂಗುತ್ತಿತ್ತು. ವಯಸ್ಸು ಎಪ್ಪತ್ತರ ಹತ್ತಿರ. ಆದರೂ ದಿನಾ ಬೆಳಿಗ್ಗೆ ಹೆಂಡತಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹಾಲು, ತರಕಾರಿ, ಗುಡಿ ಎಲ್ಲ ಸುತ್ತಿ ಬರುತ್ತಿದ್ದರು. ಲಾರಿಯ ಸುದ್ದಿ ಹೇಳಿದಾಗ ಅವರು ಎದ್ದು ಹೋಗಿ ಬೀರುವಿನಿಂದ ಹಳೆಯ ಬಿಳಿ ಸಮವಸ್ತ್ರ ತೆಗೆದು ಮೂಸಿ ನೋಡಿದರು. ಅವರ ಹೆಂಡತಿ ನನಗೆ ಎರಡನೆಯ ಸಲ ಕಾಫಿ ಕೊಟ್ಟರು.

ಎಂಜಿನ್ನು, ಬಣ್ಣ, ಸೀಟು ಎಲ್ಲವನ್ನೂ ಇಲಾಖೆಯ ವರ್ಕ್‌ಶಾಪಿನ ಮೆಕ್ಯಾನಿಕ್ ನೋಡಿಕೊಂಡ. ತಗಲಿಕೊಂಡದ್ದು ಬ್ರೇಕು. ಪ್ರತಿ ಚಕ್ರದ ಡ್ರಮ್ಮಿನೊಳಗೆ ಅರ್ಧಚಂದ್ರದ ಆಕಾರದ ಎರಡು ಕಬ್ಬಿಣದ ತುಂಡುಗಳಿರುತ್ತವೆ, ಮುಂದೊಂದು, ಹಿಂದೊಂದು. ಅವುಗಳ ಬೆನ್ನಿಗೆ ಒರಟು ಪಟ್ಟಿಯೊಂದನ್ನು ಮೊಳೆ ಹೊಡೆದು ಕೂರಿಸಿರುತ್ತಾರೆ. ಪೆಡಲ್ ಒತ್ತಿದರೆ ಎರಡೂ ಹಿಗ್ಗಿ, ಪಟ್ಟಿ ಡ್ರಮ್ಮಿಗೆ ಉಜ್ಜಿ, ಗಾಡಿ ನಿಲ್ಲುತ್ತದೆ. ಇಷ್ಟು ನನಗೆ ಮೆಕ್ಯಾನಿಕ್ ಹೇಳಿಕೊಟ್ಟ. ನಮ್ಮ ಲಾರಿಯಲ್ಲಿ ಕಬ್ಬಿಣ ಉಳಿದಿತ್ತು, ಪಟ್ಟಿಗಳು ಪುಡಿಯಾಗಿ ಹೋಗಿದ್ದವು. ನಾನು ಸ್ಕೇಲಿಟ್ಟು ಕಬ್ಬಿಣದ ತುಂಡುಗಳನ್ನು ಅಳೆದೆ. ಎರಡೂ ಒಂದೇ ಅಳತೆ. ಅಂದಮೇಲೆ ಪಟ್ಟಿಗಳೂ ಒಂದೇ ಅಳತೆ ಎಂದು ಬರೆದುಕೊಂಡೆ. ಯಾರನ್ನೂ ಕೇಳಲಿಲ್ಲ.

ಕಾಶ್ಮೀರಿ ಗೇಟಿನ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಎರಡು ವಾರ ಅಲೆದೆ. ‘ಈ ಮಾಡೆಲ್ಲಾ? ಅಜ್ಜನ ಕಾಲದ್ದು ಮೇಡಂ’ ಎಂದು ಎಲ್ಲರೂ ಕೈ ಆಡಿಸಿದರು. ಆಗ ಡ್ರೈವರ್ ಸಾಬ್ ಒಂದು ಅಂಗಡಿಯ ಗುರುತು ಹೇಳಿದರು.

“ಕೊನೇ ಗಲ್ಲೀಲಿ, ಪೀಪಲ್ ಮರ, ಅದೇ ಅರಳಿ ಮರದ ಹಿಂದೆ ಒಬ್ಬರು ಮುದುಕರು ಕೂತಿರ್ತಾರೆ. ಈ ಲಾರಿಗೆ ನಾವು ಯಾವಾಗ್ಲೂ ಅವರ ಹತ್ರಾನೇ ತರ್ತಿದ್ದಿದ್ದು. ಅವರು ಕೊಟ್ಟಿದ್ದನ್ನ ಕಣ್ಮುಚ್ಚಿ ತಗೊಂಡು ಬನ್ನಿ ಅಮ್ಮಾ.”

ಕಣ್ಮುಚ್ಚಿ ಎಂಬ ಮಾತು ನನಗೆ ಹಿಡಿಸಲಿಲ್ಲ. ಕಣ್ಣು ಮುಚ್ಚಿದ್ದರೆ ನಾನು ಈ ಊರಿನಲ್ಲಿ ಎಂದೋ ಮುಳುಗಿರುತ್ತಿದ್ದೆ ಎಂದುಕೊಂಡೆ.

ಮುದುಕರು ಇದ್ದರು. ದಪ್ಪ ಕನ್ನಡಕ, ಮಂಡಿಯ ಮೇಲೆ ಶಾಲು. ಲಾರಿಯ ಹೆಸರು ಹೇಳಿದ್ದೇ ತಡ ಅವರ ಮುಖ ಅರಳಿತು. ಅಟ್ಟಕ್ಕೆ ಏಣಿ ಹಾಕಿಸಿ, ಎಣ್ಣೆ ಕಾಗದದಲ್ಲಿ ಸುತ್ತಿ ಬಟ್ಟೆಯಲ್ಲಿ ಕಟ್ಟಿದ ಗಂಟೊಂದನ್ನು ಇಳಿಸಿದರು. ಎಂಟು ಪಟ್ಟಿಗಳು, ಒಂದು ಬಿರುಕೂ ಇಲ್ಲ. ಇಷ್ಟು ವರ್ಷ ಯಾರೂ ಕೇಳದಿದ್ದರೂ ಇಟ್ಟುಕೊಂಡಿದ್ದೆ ಎಂದರು. ನಾನು ಚೀಲದಿಂದ ಸ್ಕೇಲು ತೆಗೆದೆ. ನಾಲ್ಕು ಪಟ್ಟಿಗಳು ಉದ್ದವಿದ್ದವು. ನಾಲ್ಕು ಅದಕ್ಕಿಂತ ಎರಡು ಬೆರಳಿಗೂ ಹೆಚ್ಚು ಗಿಡ್ಡ.

“ಇದು ಜೋಡಿಯಲ್ಲ” ಎಂದೆ.

“ಜೋಡಿಯೇ ಬೆಹನ್‌ಜೀ. ಮುಂದಿನದು ಗಿಡ್ಡ, ಹಿಂದಿನದು ಉದ್ದ. ಈ ಗಾಡಿಯದು ಹುಟ್ಟಿದ್ದೇ ಹೀಗೆ” ಎಂದು ಅವರು ನಕ್ಕರು. “ಗಂಡ ಹೆಂಡತಿ ಒಂದೇ ಎತ್ತರ ಇರುತ್ತಾರೆಯೇ?”

ಪಕ್ಕದ ಅಂಗಡಿಯವರೂ ನಕ್ಕರು. ಆ ನಗು ನನ್ನನ್ನು ಕೆಡಿಸಿತು. ಎರಡು ಬೇರೆ ಬೇರೆ ಸೆಟ್ಟಿನಲ್ಲಿ ಉಳಿದದ್ದನ್ನು ಒಟ್ಟು ಮಾಡಿ, ತಮಾಷೆ ಮಾಡುತ್ತ ದಾಟಿಸಿಬಿಡುವ ಹುನ್ನಾರ ಇದು ಎಂದು ನನಗೆ ಖಾತ್ರಿಯಾಯಿತು. ಎರಡೂ ಉದ್ದದ್ದೇ ಕೊಡಿ, ಇಲ್ಲವೇ ಉದ್ದದ್ದನ್ನು ಕತ್ತರಿಸಿ ಸಮ ಮಾಡಿ ಎಂದೆ. ಅವರು ಎರಡು ಅಂಗೈ ಎತ್ತಿ ಏನೋ ವಿವರಿಸಲು ಹೊರಟರು. ನಾನು ಕೇಳಲಿಲ್ಲ.

“ಕತ್ತರಿಸಿದರೆ ಅದು ನನ್ನ ಅಂಗಡಿಯ ಮಾಲಲ್ಲ” ಎಂದರು ಕೊನೆಗೆ, ನಗು ನಿಲ್ಲಿಸಿ.

ಆಮೇಲೆ ನಾನು ಆಡಿದ ಮಾತುಗಳನ್ನು ಈಗ ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ. ಹೆಂಗಸು, ಮೇಲಾಗಿ ಮದ್ರಾಸಿ ಎಂದು ಕಿವಿಗೆ ಹೂವಿಡಲು ನೋಡುತ್ತೀರಾ ಎಂದೆ. ಈ ವಯಸ್ಸಿನಲ್ಲಿ ಮೋಸ ಮಾಡಲು ನಾಚಿಕೆಯಾಗುವುದಿಲ್ಲವೇ ಎಂದೆ. ಸರ್ಕಾರಿ ಇಲಾಖೆಗಳು ಈ ಅಂಗಡಿಯ ಮೆಟ್ಟಿಲು ಹತ್ತದಂತೆ ಮಾಡುತ್ತೇನೆ ಎಂದೂ ಕೂಗಿದೆ. ಗಲ್ಲಿಯಲ್ಲಿ ಜನ ಸೇರಿದರು. ಮುದುಕರು ಎಂಟು ಪಟ್ಟಿಗಳನ್ನೂ ಒಂದೊಂದಾಗಿ ಎಣ್ಣೆ ಕಾಗದದಲ್ಲಿ ಸುತ್ತಿದರು. ನಾನು ನನ್ನ ಪುಸ್ತಕದಲ್ಲಿ ‘ಜೋಡಿ ಸಮವಿಲ್ಲ, ತಿರಸ್ಕೃತ’ ಎಂದು ಬರೆದು, ಅವರಿಗೆ ಕಾಣುವಂತೆ ಅಡ್ಡಗೆರೆ ಎಳೆದೆ.

ಅದೇ ಗಲ್ಲಿಯ ಬಾಯಲ್ಲಿ ಇನ್ನೊಬ್ಬ, ಹರೆಯದ ವ್ಯಾಪಾರಿ, ಜಗಳವನ್ನೆಲ್ಲ ನೋಡಿದ್ದವನು, ನನ್ನನ್ನು ಕರೆದ. ನೀವು ಹೇಳಿದ ಅಳತೆಗೆ ಕತ್ತರಿಸಿ ಕೊಡೋಣ ಮೇಡಂ, ಎಂಟೂ ಒಂದೇ ಸಮ ಎಂದ. ಮೂರು ದಿನದಲ್ಲಿ ಕೊಟ್ಟ. ಎಂಟನ್ನೂ ಅಳೆದೆ; ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಹಸಿರು ಮೊಹರು ಒತ್ತಿದೆ. ಅವತ್ತು ಬಸ್ಸಿನಲ್ಲಿ ಪಕ್ಕದವಳಿಗೆ ಈ ಕಥೆಯನ್ನು ಉಪ್ಪು ಖಾರ ಹಚ್ಚಿ ಹೇಳಿದೆ.

ಉತ್ಸವಕ್ಕೆ ನಾಲ್ಕು ದಿನವಿರುವಾಗ ಹಿತ್ತಲಿನಲ್ಲಿ ಲಾರಿಯನ್ನು ಓಡಿಸಿ ನೋಡಿದರು. ಡ್ರೈವರ್ ಸಾಬ್ ಮೂರು ಸುತ್ತು ಹೊಡೆದು ಇಳಿದರು. ಮುಖದಲ್ಲಿ ಖುಷಿಯೇನೋ ಇತ್ತು, ಆದರೆ ಹುಬ್ಬು ಗಂಟಿಕ್ಕಿತ್ತು.

“ಅಮ್ಮಾ, ಬ್ರೇಕು ಕಚ್ಚುತ್ತೆ. ಒಂದ್ಸಲ ಹಿಡಿಯೋದೇ ಇಲ್ಲ, ಒಂದ್ಸಲ ಗಬಕ್ಕನೆ ಹಿಡಿದು ಎಡಕ್ಕೆ ಎಳೆಯುತ್ತೆ. ಒಮ್ಮೆ ಬಿಚ್ಚಿಸಿ ನೋಡೋಣ.”

“ಎಂಟೂ ನಾನೇ ಅಳತೆ ಮಾಡಿ ಪಾಸ್ ಮಾಡಿದ್ದೀನಿ, ಡ್ರೈವರ್ ಸಾಬ್.”

“ಆ ಮುದುಕರ ಹತ್ರಾನೇ ತಂದ್ರಿ ತಾನೇ?”

ಇಲ್ಲ ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಿದರೆ ಬಿಚ್ಚಿಸಿ ನೋಡಲೇಬೇಕು ಎನ್ನುತ್ತಾರೆ. ಬಿಚ್ಚಿದರೆ ಉತ್ಸವಕ್ಕೆ ಲಾರಿ ತಯಾರಾಗುವುದಿಲ್ಲ. ಇಷ್ಟೆಲ್ಲ ಯೋಚಿಸಿದೆನೋ ಅಥವಾ ಸುಮ್ಮನೆ ನಾಲಿಗೆ ಹೊರಳಿತೋ, ಈಗ ಖಚಿತವಾಗಿ ಹೇಳಲಾರೆ.

“ಅವರ ಹತ್ರಾನೇ” ಎಂದೆ.

ಅವರು ಲಾರಿಯ ಮಡ್‌ಗಾರ್ಡಿನ ಮೇಲೆ ಕೈಯಿಟ್ಟರು. “ಅಚ್ಛಾ. ಅವರ ಮಾಲಾದ್ರೆ ಬ್ರೇಕಿನದೇನಿಲ್ಲ ಬಿಡಿ. ನನ್ನ ಕಾಲೇ ಇರಬೇಕು.”

“ವಯಸ್ಸಾಯ್ತಲ್ಲಾ, ಅಂದಾಜು ತಪ್ಪಿರುತ್ತೆ. ರೂಢಿಯಾದರೆ ಸರಿಹೋಗುತ್ತೆ” ಎಂದು ನಾನು ಸಮಾಧಾನವನ್ನೂ ಹೇಳಿದೆ. ಅವರು ತಲೆ ಬಗ್ಗಿಸಿ ತಮ್ಮ ಬಲಗಾಲನ್ನು ನೋಡಿಕೊಂಡರು. ಮುಂದಿನ ಮೂರು ದಿನವೂ ಬೆಳಿಗ್ಗೆ ಬಂದು, ನಿಂತ ಲಾರಿಯಲ್ಲಿ ಕೂತು, ಪೆಡಲ್ ಒತ್ತಿ ಒತ್ತಿ ಅಭ್ಯಾಸ ಮಾಡಿದರು ಎಂದು ಮೆಕ್ಯಾನಿಕ್ ಆಮೇಲೆ ಹೇಳಿದ.

ಉತ್ಸವದ ದಿನ ಬಿಸಿಲು ಚೆನ್ನಾಗಿ ಬಿದ್ದಿತ್ತು. ಡ್ರೈವರ್ ಸಾಬ್ ಬಿಳಿ ಸಮವಸ್ತ್ರ ತೊಟ್ಟು, ಮೀಸೆ ತಿದ್ದಿಕೊಂಡು ಬಂದಿದ್ದರು. ಅವರ ಹೆಂಡತಿ ರೇಷ್ಮೆ ಸೀರೆ ಉಟ್ಟು ಮೊದಲ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತಿದ್ದರು; ನಾನೇ ಕೂರಿಸಿದ್ದೆ. ಚೆಂಡುಹೂವಿನ ಹಾರ ಹಾಕಿಕೊಂಡ ಲಾರಿ ಗೇಟಿನಿಂದ ಹೊರಟಿತು. ನಡೆಯುವವರ ವೇಗ. ಚಪ್ಪಾಳೆ. ವೇದಿಕೆಯ ಮುಂದೆ ಸ್ವಲ್ಪ ಇಳಿಜಾರಿತ್ತು. ಅಲ್ಲಿ ಅವರು ಬ್ರೇಕು ಒತ್ತಿದ್ದು ನನಗೆ ಭುಜದ ಅಲುಗಾಟದಲ್ಲಿ ಕಾಣಿಸಿತು. ಲಾರಿ ನಿಲ್ಲಲಿಲ್ಲ. ಮತ್ತೆ ಒತ್ತಿದರು. ಈ ಸಲ ಗಕ್ಕನೆ ಹಿಡಿದು, ಎಡಕ್ಕೆ ತಿರುಗಿ, ಶಾಮಿಯಾನದ ಕಂಬಕ್ಕೆ ಹೋಗಿ ಗುದ್ದಿತು. ಬಟ್ಟೆ ಕುಸಿದು ದೀಪದ ಕಂಬದ ಮೇಲೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಅವರ ಹಣೆ ಮಾತ್ರ ಸ್ಟಿಯರಿಂಗಿಗೆ ತಾಗಿ ಒಡೆದು, ಬಿಳಿ ಅಂಗಿಯ ಮೇಲೆ ರಕ್ತ ತೊಟ್ಟಿಕ್ಕಿತು.

ಇಳಿದು ಬಂದವರೇ ನಿರ್ದೇಶಕರಿಗೆ ಕೈ ಮುಗಿದು, “ಮಾಫ್ ಕೀಜಿಯೇ ಸಾಬ್, ನನ್ನ ಕಾಲು” ಎಂದರು. ಎಪ್ಪತ್ತರ ಮುದುಕನನ್ನು ಕೂರಿಸಿದ್ದು ಯಾರ ಬುದ್ಧಿ ಎಂದು ನಿರ್ದೇಶಕರು ಸುತ್ತ ನೋಡಿದರು. ನಾನು ನೆಲ ನೋಡಿದೆ.

ಸರ್ಕಾರದಲ್ಲಿ ಕಂಬ ಬಿದ್ದರೂ ಒಂದು ಕಡತ ಏಳುತ್ತದೆ. ಭಾಷೆ ಗೊತ್ತಿರುವವಳು ಎಂದು ಅವರ ಹೇಳಿಕೆ ಬರೆದುಕೊಳ್ಳುವ ಕೆಲಸವನ್ನು ನನಗೇ ಕೊಟ್ಟರು. ಹಣೆಗೆ ಪಟ್ಟಿ ಕಟ್ಟಿಕೊಂಡು ಅವರು ನನ್ನ ಮೇಜಿನ ಎದುರು ಕೂತರು. “ವಯಸ್ಸಿನಿಂದಾಗಿ ನನ್ನ ಕಾಲು ಸರಿಯಾಗಿ ಒತ್ತಲಿಲ್ಲ ಅಂತ ಬರೀರಿ. ಗಾಡಿಯಲ್ಲಿ ಯಾವ ದೋಷಾನೂ ಇರಲಿಲ್ಲ ಅಂತಾನೂ ಸೇರಿಸಿ.”

ಎರಡನೆಯದು ಯಾಕೆ ಎಂದು ಕೇಳಿದೆ.

“ಇಲ್ಲದಿದ್ರೆ ಆ ಅಂಗಡಿಯವರ ಮೇಲೆ ಬರುತ್ತಲ್ಲಮ್ಮಾ. ಪಾಪ, ಅಷ್ಟು ವರ್ಷದಿಂದ ಒಳ್ಳೇ ಮಾಲು ಕೊಟ್ಟವರು.”

ನಾನು ಬರೆದೆ. ಅವರು ಓದಿಸಿಕೊಂಡು, ಹೆಸರನ್ನು ನಿಧಾನವಾಗಿ, ಅಕ್ಷರ ಅಕ್ಷರವಾಗಿ ಬರೆದು ಸಹಿ ಮಾಡಿದರು.

ಆಗಲೂ ನನಗೆ ತಪ್ಪು ಎಲ್ಲಿದೆ ಎಂಬುದು ಖಚಿತವಿರಲಿಲ್ಲ, ಅಳುಕು ಮಾತ್ರ ಇತ್ತು. ಕಡತ ನನ್ನ ಮೇಜಿನ ಮೇಲೇ ಇದ್ದಾಗ ಮೆಕ್ಯಾನಿಕ್ ಚಕ್ರ ಬಿಚ್ಚಿದ. ಮುಂದಿನ ಪಟ್ಟಿಗಳು ಒಂದು ತುದಿಯಲ್ಲಿ ಸುಟ್ಟು ಹೊಳೆಯುತ್ತಿದ್ದವು, ಹಿಂದಿನವು ಹೊಸದರಂತೆಯೇ ಇದ್ದವು. ಒಂದು ಜೋಡಿಯನ್ನು ಚೀಲಕ್ಕೆ ಹಾಕಿಕೊಂಡು ದೆಹಲಿಯಾಚೆಯ ಮಾನೇಸರಿಗೆ ಹೋದೆ. ಅಲ್ಲಿ ಬ್ರೇಕಿನ ಭಾಗಗಳನ್ನು ಮಾಡುವ ಕಾರ್ಖಾನೆಯೊಂದರಲ್ಲಿ ಹುಬ್ಬಳ್ಳಿಯ ಕಡೆಯ ಎಂಜಿನಿಯರ್ ಒಬ್ಬನಿದ್ದ. ಗಣೇಶನ ಹಬ್ಬದ ಪ್ರಸಾದದ ಸಾಲಿನಲ್ಲಿ ಪರಿಚಯವಾದವನು. ಅವನು ನೋಡಿದ ಕೂಡಲೇ ನಕ್ಕುಬಿಟ್ಟ.

“ಮೇಡಂ, ಇವು ಸೇಮ್ ಇರಬಾರದು. ಮುಂದಿಂದು ಗಿಡ್ಡ, ಹಿಂದಿಂದು ಉದ್ದ ಇರಬೇಕ್ರೀ.”

ಅವನೂ ಎರಡು ಅಂಗೈ ಎತ್ತಿದ. ಮುಂದಿನ ತುಂಡು ಡ್ರಮ್ಮಿಗೆ ತಾಗಿದಾಗ ಚಕ್ರದ ಜೊತೆಗೆ ಸ್ವಲ್ಪ ತಿರುಗಿ, ಹಿಂದಿನದನ್ನು ನೂಕುತ್ತದೆ. ನಿಜವಾದ ಕೆಲಸ ಮಾಡುವುದು ಹಿಂದಿನದು, ಅದಕ್ಕೇ ಅದರ ಪಟ್ಟಿ ಉದ್ದ. ನೂಕುವುದಕ್ಕೆ ಗಿಡ್ಡ ಪಟ್ಟಿ ಸಾಕು. ಎರಡೂ ಸಮ ಮಾಡಿದರೆ ಬ್ರೇಕು ಯಾವಾಗ ಹಿಡಿಯುತ್ತದೆ, ಯಾವ ಕಡೆ ಎಳೆಯುತ್ತದೆ ಎಂದು ಹೇಳಲಾಗುವುದಿಲ್ಲ. ಎರಡು ನಿಮಿಷದ ಮಾತು. ಕಾಶ್ಮೀರಿ ಗೇಟಿನ ಮುದುಕರು ಅಂಗೈ ಎತ್ತಿದ್ದು ಇದನ್ನೇ ಹೇಳಲು.

“ಯಾರ್ರೀ ಇದನ್ನ ಪಾಸ್ ಮಾಡಿದವರು?” ಎಂದು ಆ ಎಂಜಿನಿಯರ್ ಕೇಳಿದ.

“ಯಾರೋ ಅಂಗಡಿಯವನು ಕೊಟ್ಟ” ಎಂದೆ.

ಆಫೀಸಿಗೆ ಬಂದು ಕಡತ ತೆರೆದು ಕೂತೆ. ಹೇಳಿಕೆಯ ಕೆಳಗೆ ನಾನು ಎರಡು ಸಾಲು ಬರೆದರೆ ಸಾಕಿತ್ತು: ಪಟ್ಟಿಗಳ ಅಳತೆ ತಪ್ಪು, ಪಾಸು ಮಾಡಿದವಳು ನಾನು. ಬಡ್ತಿಯ ಪಟ್ಟಿ ಆ ತಿಂಗಳು ಹೊರಬೀಳುವುದಿತ್ತು. ಬೂಟಿನ ಕಥೆ, ಸಮೋಸಾದ ತಮಾಷೆ, ಎಲ್ಲವೂ ತಿರುಗಿ ನನ್ನ ಮುಖಕ್ಕೇ ಬರುತ್ತವೆ ಎಂದು ಕಲ್ಪಿಸಿಕೊಂಡೆ. ಬಡ್ತಿಗಿಂತ ನನ್ನನ್ನು ಹೆಚ್ಚು ಹೆದರಿಸಿದ್ದು ಆ ನಗುವೇ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಏನೂ ಬರೆಯದೆ ಕಡತವನ್ನು ಮೇಲಕ್ಕೆ ಕಳಿಸಿದೆ.

ಲಾರಿಗೆ ಮಾತ್ರ ನ್ಯಾಯ ಮಾಡಿದೆ. ಮರುದಿನವೇ ಪೀಪಲ್ ಮರದ ಹಿಂದಿನ ಅಂಗಡಿಗೆ ಹೋದೆ. ಮುದುಕರು ನನ್ನನ್ನು ಗುರುತಿಸಿದರು. ಕ್ಷಮಿಸಿ ಎನ್ನಬೇಕೆಂದು ದಾರಿಯುದ್ದಕ್ಕೂ ಹಿಂದಿಯಲ್ಲಿ ವಾಕ್ಯ ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು “ಅದೇ ಕೊಡಿ” ಎಂಬ ಎರಡೇ ಶಬ್ದ. ಅವರು ಗಂಟನ್ನು ಇಳಿಸಿ ನನ್ನ ಮುಂದಿಟ್ಟು, “ಸ್ಕೇಲು ತಂದಿದ್ದೀರಾ?” ಎಂದರು. ಕುಟುಕು ಮಾತೋ, ನಿಜವಾಗಿಯೇ ಕೇಳಿದರೋ, ಮುಖ ನೋಡುವ ಧೈರ್ಯವಾಗಲಿಲ್ಲ. ತಂದಿಲ್ಲ ಎಂದೆ. ಇಲಾಖೆಯ ಪುಸ್ತಕದಲ್ಲಿ ಎಲ್ಲೂ ಬರೆಯದೆ, ನಾನೇ ಕೊಂಡು, ಮೆಕ್ಯಾನಿಕ್‌ಗೆ ಕೊಟ್ಟು, ಯಾರಿಗೂ ಹೇಳಬೇಡ ಎಂದು ಹಾಕಿಸಿದೆ.

ಅದರಿಂದ ಇನ್ನೊಂದು ಅನ್ಯಾಯವಾಯಿತು. ಆಮೇಲೆ ಇಲಾಖೆಯ ಹೊಸ ಚಾಲಕ ಲಾರಿಯನ್ನು ಓಡಿಸಿದ. ಇಳಿಜಾರಿನಲ್ಲಿ ಅದು ಹೇಳಿದಲ್ಲಿ ನಿಂತಿತು. ‘ನೋಡಿದಿರಾ, ಎಲ್ಲ ಕಾಲಿನ ಮೇಲೆ ಹೋಗುತ್ತೆ, ಹರೆಯದ ಕಾಲು’ ಎಂದು ಎಲ್ಲರೂ ಮಾತಾಡಿಕೊಂಡರು. ನಾನು ಸರಿಪಡಿಸಿದ ಬ್ರೇಕು ಡ್ರೈವರ್ ಸಾಬ್‌ರ ವಿರುದ್ಧ ಸಾಕ್ಷಿ ಹೇಳಿತು. ಈ ಮಾತು ಅವರ ಕಿವಿಗೂ ಹೋಯಿತು.

ಅವರು ಸ್ಕೂಟರ್ ಬಿಟ್ಟುಬಿಟ್ಟರು. ಮೊದಲು ನನಗೆ ಗೊತ್ತಾಗಲಿಲ್ಲ. ಒಂದು ಬೆಳಿಗ್ಗೆ ಬಸ್ಸಿಗೆ ಕಾಯುವಾಗ ಅವರ ಹೆಂಡತಿ ಎರಡು ಕೈಯಲ್ಲೂ ಚೀಲ ಹಿಡಿದು, ಫ್ಲೈಓವರಿನ ಕೆಳಗೆ ನಡೆದು ಬರುತ್ತಿದ್ದರು. ಅವರಿಗೆ ಮೊಣಕಾಲು ನೋವಿತ್ತು.

“ಬೇಡ ಅಂತಾರಮ್ಮಾ. ಹಿಂದೆ ನಿನ್ನ ಕೂರಿಸ್ಕೊಂಡು ಕಾಲು ಕೈಕೊಟ್ರೆ ಏನ್ಮಾಡ್ಲಿ ಅಂತಾರೆ. ಗೋಡೆ ಮೇಲಿದ್ದ ಆ ಸರ್ಟಿಫಿಕೇಟನ್ನೂ ತೆಗೆದು ಬೀರುವಿನಲ್ಲಿಟ್ಟಿದ್ದಾರೆ” ಎಂದರು. ನನ್ನ ಬಸ್ಸು ಬಂತು. ಹತ್ತಿಬಿಟ್ಟೆ.

ನನ್ನ ಮಗಳು ಆಗ ಎಂಟನೇ ಕ್ಲಾಸು. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ನಾನು ಅಡಿಗೆಮನೆಯಲ್ಲಿ ಅವಳ ಅಪ್ಪನ ಹತ್ತಿರ ಇದನ್ನೆಲ್ಲ ಹೇಳಿ ಅತ್ತದ್ದನ್ನು ಕೇಳಿಸಿಕೊಂಡಿದ್ದಳು. ವಾರವಾದ ಮೇಲೆ ತಲೆ ಬಾಚಿಸಿಕೊಳ್ಳುತ್ತ ಕೇಳಿದಳು, “ಮಮ್ಮಾ, ಡ್ರೈವರ್ ಅಂಕಲ್‌ಗೆ ಸಾರಿ ಬೋಲಾ ಕ್ಯಾ? ನಹೀ ನಾ?” ನಾನು ಜಡೆಯನ್ನು ಸ್ವಲ್ಪ ಬಿಗಿಯಾಗಿಯೇ ಎಳೆದೆ. ಅವಳು ನೋವೆಂದು ಕೂಗಲಿಲ್ಲ, ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು.

ಆ ಭಾನುವಾರ ಹೋದೆ. ಚಳಿ ಕಳೆದು, ಮನೆಗಳ ಮುಂದೆ ರಜಾಯಿ ಒಣಗಿಸುತ್ತಿದ್ದ ದಿನಗಳು. ಮೆಟ್ಟಿಲ ಬುಡದಲ್ಲಿ ಸ್ಕೂಟರಿಗೆ ಹಳೆಯ ಬೆಡ್‌ಶೀಟ್ ಹೊದಿಸಿದ್ದರು. ಡ್ರೈವರ್ ಸಾಬ್ ಪೇಪರ್ ಓದುತ್ತ ಕೂತಿದ್ದರು. ಕಾಫಿ ಬೇಡ ಎಂದು ಹೇಳಿ, ನಿಂತುಕೊಂಡೇ ಎಲ್ಲವನ್ನೂ ಹೇಳಿದೆ: ಮುದುಕರನ್ನು ಬೈದದ್ದು, ಇನ್ನೊಬ್ಬನ ಹತ್ತಿರ ಕತ್ತರಿಸಿ ತಂದದ್ದು, ಅವರ ಹತ್ತಿರವೇ ತಂದೆ ಎಂದು ಸುಳ್ಳು ಹೇಳಿದ್ದು, ಮಾನೇಸರು, ಕಡತ. ಮುಗಿದ ಮೇಲೆ ಅವರು ಪೇಪರನ್ನು ಮಡಚಿ ಪಕ್ಕಕ್ಕಿಟ್ಟರು. ಬೈಯುತ್ತಾರೆ ಎಂದು ಕಾದೆ, ಬೈದಿದ್ದರೆ ಚೆನ್ನಾಗಿತ್ತು.

“ಹಾಗಾದ್ರೆ ನನ್ನ ಕಾಲು ಸರಿಯಾಗೇ ಇತ್ತಾ?” ಎಂದರು.

“ಇತ್ತು.”

“ನನಗೆ ಅವತ್ತೇ ಗೊತ್ತಾಗಿತ್ತು, ಬ್ರೇಕು ಎಳೀತಿದೆ ಅಂತ. ಅವರ ಮಾಲು ಅಂದ್ರಿ, ನೀವು ಪಾಸ್ ಮಾಡಿದ್ದೀನಿ ಅಂದ್ರಿ. ಅದಕ್ಕೇ ನನ್ನ ಕಾಲನ್ನ ನಂಬಲಿಲ್ಲ.” ಅವರ ದನಿಯಲ್ಲಿ ಕೋಪವಿರಲಿಲ್ಲ. ಲೆಕ್ಕ ಬಿಡಿಸಿದವರ ಹಾಗೆ ಹೇಳಿದರು. ಆಮೇಲೆ, “ಇದನ್ನ ಬರೆದುಕೊಡ್ತೀರಾ?” ಎಂದು ಕೇಳಿದರು.

“ಯಾರಿಗೆ ತೋರಿಸ್ತೀರಿ?” ಎಂದುಬಿಟ್ಟೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

“ಯಾರಿಗೂ ಇಲ್ಲಮ್ಮಾ. ನನಗೇ. ಬರೆದಿದ್ದು ಇದ್ರೆ ಒಂದು ಥರಾ.”

ಅವರ ಹೆಂಡತಿ ಮೊಮ್ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಕೊಟ್ಟರು. ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಜಾಡಿ ಸರಿಸಿ, ಕನ್ನಡದಲ್ಲಿ ಬರೆದೆ. ಲಾರಿಯ ಬ್ರೇಕಿನ ಪಟ್ಟಿಗಳ ಅಳತೆ ತಪ್ಪಾಗಿತ್ತು. ಅವನ್ನು ಪಾಸು ಮಾಡಿದವಳು ನಾನು. ಚಾಲಕರದು ಏನೂ ತಪ್ಪಿಲ್ಲ, ಅವರು ಮುಂಚೆಯೇ ಎಚ್ಚರಿಸಿದ್ದರು. ಬರವಣಿಗೆ ಸಲೀಸಾಗಿ ಸಾಗಿತು, ಎದೆಯೂ ಹಗುರಾಗುತ್ತಿತ್ತು. ಸಹಿ ಮಾಡಿದೆ. ಹದಿನೈದು ವರ್ಷದ ನೌಕರಿಯಲ್ಲಿ ಸಹಿಯ ಕೆಳಗೆ ಹೆಸರು, ಹುದ್ದೆ, ತಾರೀಕು ಬರೆಯದೆ ನಾನು ಒಂದು ಕಾಗದವನ್ನೂ ಕೈಬಿಟ್ಟವಳಲ್ಲ. ಅವಿಲ್ಲದೆ ಬಂದ ಎಷ್ಟು ಕಾಗದಗಳನ್ನು ಕೆಂಪು ಮೊಹರು ಒತ್ತಿ ತಿರುಗಿ ಕಳಿಸಿದ್ದೆನೋ. ನನ್ನ ಸಹಿ ಬರೀ ಒಂದು ಸುರುಳಿ, ಯಾರದೆಂದು ಹೊರಗಿನವರಿಗೆ ತಿಳಿಯುವುದಿಲ್ಲ. ಹೆಸರು ಬರೆಯುವಲ್ಲಿಗೆ ಬಂದಾಗ ಪೆನ್ನು ನಿಂತಿತು. ಮುಚ್ಚಳ ಹಾಕಿದೆ.

ಅವರು ಕನ್ನಡಕ ಹಾಕಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ಓದಿದರು. ಬೆರಳು ಸಹಿಯವರೆಗೆ ಬಂತು. ಅದರ ಕೆಳಗಿನ ಖಾಲಿ ಜಾಗಕ್ಕೆ ಇಳಿದು ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಸುಮಾರು ನಲವತ್ತು ವರ್ಷ ಸರ್ಕಾರದ ಕಾಗದಗಳನ್ನು ಒಂದು ಆಫೀಸಿನಿಂದ ಇನ್ನೊಂದಕ್ಕೆ ಒಯ್ದವರು ಅವರು. ತಲೆ ಎತ್ತಿ ನನ್ನನ್ನು ನೋಡಿದರು. ನಾನು ಉಪ್ಪಿನಕಾಯಿ ಜಾಡಿಯನ್ನು ಮತ್ತೆ ಮೊದಲಿನ ಜಾಗದಲ್ಲಿಟ್ಟೆ.

“ಇಷ್ಟು ಸಾಕಮ್ಮಾ” ಎಂದು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಆಮೇಲೆ ಎದ್ದು, ಬಾಗಿಲ ಹಿಂದಿನ ಮೊಳೆಯಿಂದ ಬೀಗದ ಕೈ ತೆಗೆದರು. “ಚಲೋ, ನಿಮ್ಮನ್ನ ಮನೆ ತನಕ ಬಿಟ್ಟು ಬರ್ತೀನಿ.” ಅವರ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡರು.

ಬೆಡ್‌ಶೀಟ್ ತೆಗೆದು, ಐದಾರು ಸಲ ಕಿಕ್ ಹೊಡೆದ ಮೇಲೆ ಸ್ಕೂಟರ್ ಚಾಲೂ ಆಯಿತು. ನಾನು ಹಿಂದೆ ಕೂತೆ. ಪಾಕೆಟ್ಟಿನ ಗೇಟಿನಲ್ಲಿ ಸೈಕಲ್ಲು ಅಡ್ಡ ಬಂತು, ತಿರುವಿನಲ್ಲಿ ಹಸು ಮಲಗಿತ್ತು, ತರಕಾರಿ ಗಾಡಿ ಹಿಂದೆ ಸರಿಯಿತು. ಎಲ್ಲ ಕಡೆಯೂ ಅವರು ಬ್ರೇಕು ಒತ್ತಿದ್ದೇ ನನಗೆ ತಿಳಿಯಲಿಲ್ಲ. ಸ್ಕೂಟರು ಸುಮ್ಮನೆ ನಿಲ್ಲುತ್ತಿತ್ತು. ನಮ್ಮ ಸೊಸೈಟಿಯ ಗೇಟಿನ ಮುಂದೆ, ಬಿಳಿ ಗೆರೆಗೆ ಸರಿಯಾಗಿ ನಿಲ್ಲಿಸಿದರು.

“ಸರಿಯಾಗಿ ನಿಂತಿತಾ?” ಎಂದು ಕೇಳಿದರು.

“ನಿಂತಿತು” ಎಂದೆ.

ಅವರು ಹೊರಡಲಿಲ್ಲ. ಎಂಜಿನ್ನು ಆರಿಸದೆ, ಆ ಹಾಳೆಯಿದ್ದ ಜೇಬಿನ ಮೇಲೆ ಕೈಯಿಟ್ಟುಕೊಂಡು ಒಂದು ಕ್ಷಣ ಹಾಗೆಯೇ ಕಾದರು. ನನ್ನ ಚೀಲದಲ್ಲಿ ಪೆನ್ನಿತ್ತು. ನಾನು ನಮಸ್ಕಾರ ಹೇಳಿ ಮೆಟ್ಟಿಲು ಹತ್ತಿದೆ.